ಮೈಕಿನಲ್ಲಿ ಕೂಗಿದ ಹೆಸರು

ಸಂಕ್ರಾಂತಿ ಕಳೆದು ಯುಗಾದಿ ಬರುವ ತನಕ ನನ್ನ ಫೋನಿಗೆ ಬರುವ ಕರೆಗಳಲ್ಲಿ ಅರ್ಧ ಟೂರ್ನಮೆಂಟಿನವು. ಅಡಿಕೆ ಕೊಯ್ಲು ಮುಗಿದಿರುತ್ತದೆ, ರಾಗಿ ಕಣ ಸೇರಿರುತ್ತದೆ, ಕೆರೆ ಅಂಗಳ ಒಣಗಿ ಗಟ್ಟಿಯಾಗಿರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಸುತ್ತುವ ಸ್ಟ್ರಿಂಗರ್ ನಾನು. ಒಂದು ಭಾನುವಾರ ಎಷ್ಟು ಕಡೆ ಹೋಗಲು ಸಾಧ್ಯ? ಹಾಗಾಗಿ ಸಂಘಟಕರೇ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಮತ್ತು ಸ್ಕೋರ್ ಶೀಟ್ ಕಳಿಸುತ್ತಾರೆ. 'ಅಣ್ಣಾ, ಸ್ವಲ್ಪ ದೊಡ್ಡದಾಗಿ ಹಾಕ್ಸಿ' ಅಂತ ಒಂದು ವಾಯ್ಸ್ ಮೆಸೇಜು.

ಆ ಸ್ಕೋರ್ ಶೀಟು ನೋಡಬೇಕು ನೀವು. ಅದರಲ್ಲಿ ಆಧಾರ್ ಕಾರ್ಡಿನ ಹೆಸರು ಒಂದೂ ಇರುವುದಿಲ್ಲ. ಪಲ್ಸರ್ 14, ಬೋಂಡಾ 6, ಜೆಸಿಬಿ 22, ಸೊಸೈಟಿ ರನ್ ಔಟ್ 0. ಸೊಸೈಟಿ ಎಂದರೆ ರೇಷನ್ ಕೊಡುವ ಸೊಸೈಟಿಯಲ್ಲಿ ಕೆಲಸ ಮಾಡುವವರ ಮಗ. ಜೆಸಿಬಿ ದಪ್ಪಗಿರುತ್ತಾನೆ ಅಂದುಕೊಂಡರೆ ತಪ್ಪು, ಕಡ್ಡಿ ಪೈಲ್ವಾನ್. ಬ್ಯಾಟನ್ನು ನೆಲಕ್ಕೆ ಕೆರೆದು ಮಣ್ಣು ಎಬ್ಬಿಸುತ್ತಾನೆ, ಅದಕ್ಕೆ. ಬೌಂಡರಿ ಗೆರೆ ಬಿಟ್ಟು ಒಳಗೆ ಬರಲು ಒಲ್ಲದ ಫೀಲ್ಡರ್ ಒಬ್ಬನಿಗೆ 'ಲೈನ್‌ಮನ್' ಅಂತ ಹೆಸರು. ನನಗೆ ಇವತ್ತಿಗೂ ಅಚ್ಚುಮೆಚ್ಚಿನದು 'ತ್ರೀ ಫೇಸ್'. ಹಗಲು ಎರಡು ಬಾಲಿಗೆ ಔಟ್ ಆಗುವ ಹುಡುಗ, ಹೊನಲು ಬೆಳಕಿನ ಪಂದ್ಯ ಅಂದರೆ ಮಾತ್ರ ಸಿಕ್ಸರ್ ಮೇಲೆ ಸಿಕ್ಸರ್. ರಾತ್ರಿ ಎದ್ದು ಹೋಗಿ ಪಂಪ್‌ಸೆಟ್ ಸ್ಟಾರ್ಟ್ ಮಾಡಿ ಗೊತ್ತಿರುವ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಡೆಸ್ಕಿನಲ್ಲಿ ಕೂತವರಿಗೆ ಮಾತ್ರ ಇದು ತಲೆನೋವು. 'ಏನ್ರೀ ಇದು ಬೋಂಡಾ ಪಲ್ಸರ್ ಅಂತ, ಸರಿಯಾದ ಹೆಸರು ತಗೊಳ್ಳಿ ಮಾರಾಯ್ರೆ' ಅನ್ನುತ್ತಾರೆ. ರಾತ್ರಿ ಎಂಟೂವರೆಗೆ ಪುಟ ಹೋಗಬೇಕು. ಸಂಘಟಕರಿಗೆ ಫೋನ್ ಮಾಡಿದರೆ ಅವರಿಗೂ ಗೊತ್ತಿರುವುದಿಲ್ಲ. 'ಅವ್ನ್ ಹೆಸ್ರಾ? ಇರಿ ಅಣ್ಣಾ, ಕೇಳಿ ಹೇಳ್ತೀನಿ' ಎಂದು ಪಕ್ಕದವನನ್ನು ಕೇಳುತ್ತಾರೆ. ಪಕ್ಕದವನಿಗೂ ಗೊತ್ತಿಲ್ಲ. ಹತ್ತು ವರ್ಷ ಜೊತೆಗೆ ಆಡಿದವರು!

ಇದು ನಮ್ಮ ಕೆರೆ ಅಂಗಳದ ರೋಗ ಮಾತ್ರ ಅಲ್ಲ. ನಮ್ಮ ಮೂರು ತಾಲ್ಲೂಕಿನ ಸುತ್ತ ಗೆರೆ ಎಳೆದರೆ, ಅದರ ಅಂಚಿನಲ್ಲಿ ಭಾರತ ತಂಡಕ್ಕೆ ಆಡಿದ ದೊಡ್ಡ ಹೆಸರುಗಳೇ ಸಿಗುತ್ತವೆ. ಬೀರೂರು ಜಂಕ್ಷನ್ನಿನಲ್ಲಿ ರೈಲು ಹಳಿ ಎರಡಾಗುತ್ತದಲ್ಲ, ತರೀಕೆರೆ ಮೇಲೆ ಹೋಗುವ ಹಳಿಯಲ್ಲಿ ಮುಂದೆ ಭದ್ರಾವತಿ. ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ ಊರು. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರು ಊರಿಗೆಲ್ಲ 'ವಿಶಿ'. ಅಜ್ಜಂಪುರದ ಮೇಲೆ ಹೋಗುವ ಹಳಿಯಲ್ಲಿ ಮುಂದೆ ದಾವಣಗೆರೆ. ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ವಿನಯ್ ಕುಮಾರ್ 'ದಾವಣಗೆರೆ ಎಕ್ಸ್‌ಪ್ರೆಸ್'. ಆ ಹೆಸರಿನ ರೈಲು ನಮ್ಮ ಸ್ಟೇಷನ್ನಿನಲ್ಲಿ ನಿಂತದ್ದನ್ನು ನಾನಂತೂ ಕಂಡಿಲ್ಲ. ಇನ್ನು ಕಡೂರಿನಿಂದ ಬಾಣಾವರದ ಕಡೆ ಹೊರಟು ಆಚೆ ಹೋದರೆ ಜಾವಗಲ್. ಮೈಸೂರಿನಲ್ಲಿ ಹುಟ್ಟಿ ಬೆಳೆದ ಶ್ರೀನಾಥ್ 'ಮೈಸೂರು ಎಕ್ಸ್‌ಪ್ರೆಸ್' ಆದರು, ಆದರೆ ಹೆಸರಿನ ಮುಂದೆ ಇದ್ದದ್ದು ಈ ಊರು. ಹೊರದೇಶದ ಕಾಮೆಂಟೇಟರುಗಳು ಅದನ್ನೇ ಅವರ ಹೆಸರು ಅಂದುಕೊಂಡು 'ಜಾವಗಲ್, ಜಾವಗಲ್' ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಟಿವಿ ಮುಂದೆ ಕೂತವರೆಲ್ಲ ನಗುತ್ತಿದ್ದರು. ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬಂದವರು ನಾವು, ಅದು ಬೌಲಿಂಗ್ ಮಾಡುತ್ತಿದೆ ಅಂದರೆ!

ಕುಂಬ್ಳೆಯವರದೂ ಅದೇ ಕತೆ, ಹೆಸರಿನಲ್ಲಿರುವುದು ಕಾಸರಗೋಡಿನ ಕುಂಬಳೆ. 'ಜಂಬೋ' ಅಂತ ಕರೆದವರು ನವಜೋತ್ ಸಿಂಗ್ ಸಿಧು. ಇರಾನಿ ಟ್ರೋಫಿ ಪಂದ್ಯವೊಂದರಲ್ಲಿ ಬಾಲು ದಿಢೀರ್ ಎಗರಿದ್ದು ನೋಡಿ ಜಂಬೋ ಜೆಟ್ ಅಂದರಂತೆ, ಜೆಟ್ ಬಿದ್ದುಹೋಯಿತು, ಜಂಬೋ ಉಳಿಯಿತು. ದ್ರಾವಿಡ್ ತಂದೆ ಕಿಸಾನ್ ಜಾಮ್ ಕಂಪನಿಯಲ್ಲಿದ್ದರು, ಮಗ 'ಜ್ಯಾಮಿ' ಆದ. ಪೇಪರಿನವರಿಗೆ 'ಗೋಡೆ' ಬೇಕಿತ್ತು, ಜೊತೆಗಾರರಿಗೆ ಜ್ಯಾಮಿ ಸಾಕಿತ್ತು. ಸೊಸೈಟಿಗೂ ಜ್ಯಾಮಿಗೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರಿಗೂ ಅಪ್ಪನ ಕೆಲಸವೇ ಹೆಸರು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಒಂದು ವಿಷಯದಲ್ಲಿ ಮಾತ್ರ ನಗು ಬರುವುದಿಲ್ಲ. ಅದನ್ನು ಬರೆಯಬೇಕೆಂದೇ ಇಲ್ಲಿ ಕೂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ಟೆನಿಸ್ ಬಾಲ್ ಟೂರ್ನಮೆಂಟಿನ ಫೈನಲ್. ಯಾವ ತಾಲ್ಲೂಕು, ಯಾವ ಊರು ಎಂದು ಹೇಳುವುದಿಲ್ಲ. ಅಂದು ನಾನೇ ಹೋಗಿದ್ದೆ. ಒಬ್ಬ ಹುಡುಗ ಆಡುತ್ತಿದ್ದ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಆಟ ನೋಡುವಂತಿತ್ತು. ಕವರ್ಸ್ ಮೇಲೆ ಎತ್ತಿ ಹೊಡೆದರೆ ಬಾಲು ಕೆರೆ ಏರಿಯ ಆಚೆ. ಅವನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ರನ್ ಓಡುವಾಗ ಎದುರಿನವನು ಬ್ಯಾಟ್ ಮೇಲೆತ್ತಿದರೆ ಬಾ ಅಂತ, ಅಂಗೈ ತೋರಿಸಿದರೆ ನಿಲ್ಲು ಅಂತ. ಫೀಲ್ಡಿಂಗ್‌ಗೆ ನಿಂತಾಗ ಕ್ಯಾಪ್ಟನ್ ಹೆಗಲ ಮೇಲಿನ ಟವೆಲ್ ಬೀಸಿ ಅವನ ಜಾಗ ಬದಲಾಯಿಸುತ್ತಿದ್ದ. ಯಾರೂ ಹೇಳಿಕೊಡದೆ ಆ ತಂಡದವರೇ ಕಟ್ಟಿಕೊಂಡ ಭಾಷೆ ಅದು. ನನಗೆ ಬಹಳ ಚೆನ್ನಾಗಿ ಕಂಡಿತು.

ಮೈಕಿನಲ್ಲಿ ಕಾಮೆಂಟರಿಯವನು ಮಾತ್ರ ಮೊದಲಿಂದ ಕೊನೆವರೆಗೆ ಒಂದೇ ಹೆಸರು ಕೂಗಿದ. 'ಮೂಗ ಹೊಡ್ದ! ಮೂಗನ್ ಕೈಯಿಂದ ಇನ್ನೊಂದು!' ಸ್ಕೋರ್ ಶೀಟಿನಲ್ಲೂ ಮೂಗ, 41. ಅಂದು ನಾನು ಸರಿಯಾದ ಹೆಸರು ಕೇಳಲಿಲ್ಲ. ಕೇಳದೆ ಇರಲು ಕಾರಣವೂ ಇದೆ, ಅದೇ ನಾಚಿಕೆಯ ಸಂಗತಿ. ನನಗೆ ಆಗಲೇ ಹೆಡ್ಡಿಂಗ್ ಹೊಳೆದುಬಿಟ್ಟಿತ್ತು. 'ಮೂಗನ ಬ್ಯಾಟೇ ಮಾತಾಡಿತು'. ಬೈಕ್ ಮೇಲೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಚಪ್ಪರಿಸುತ್ತಾ ಬಂದೆ. ಡಿಪ್ಲೊಮಾ ಮಾಡುವಾಗ ನಮ್ಮ ಮೇಷ್ಟ್ರು ಹೆಡ್ಡಿಂಗಿಗೆ ಪ್ರಾಸ ಬೇಡ, ಪಂಚ್ ಇರಲಿ ಅನ್ನುತ್ತಿದ್ದರು. ಡೆಸ್ಕಿನವರೂ ಆ ದಿನ ಮಾರಾಯ್ರೆ ಅನ್ನಲಿಲ್ಲ. ಒಂದಕ್ಷರ ಮುಟ್ಟದೆ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಹಾಕಿದರು.

ನಾಲ್ಕು ದಿನ ಬಿಟ್ಟು ಒಬ್ಬ ಹೆಣ್ಣುಮಗಳು ನಾನು ಕೂರುವ ಝೆರಾಕ್ಸ್ ಅಂಗಡಿ ಹುಡುಕಿಕೊಂಡು ಬಂದರು. ಆ ಹುಡುಗನ ಅಕ್ಕ. ಕಟಿಂಗ್ ಕೈಯಲ್ಲಿತ್ತು. ಖುಷಿಗೆ ಬಂದಿದ್ದಾರೆ ಅಂದುಕೊಂಡು ಟೀ ತರಿಸಲು ಹೇಳಿದೆ. ಆಕೆ ಕೂರಲಿಲ್ಲ. ಜಗಳವನ್ನೂ ಆಡಲಿಲ್ಲ.

'ಅಣ್ಣಾ, ಅವ್ನಿಗೆ ಕಿವಿ ಕೇಳ್ಸಲ್ಲ. ಪೇಪರ್ ಓದಕ್ಕೆ ಬರುತ್ತೆ' ಅಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದರು. ತಮ್ಮ ಕಿವುಡ ಮಕ್ಕಳ ಶಾಲೆಯಲ್ಲಿ ಹಾಸ್ಟೆಲಿನಲ್ಲಿದ್ದು ಎಸ್‌ಎಸ್‌ಎಲ್‌ಸಿ ಪಾಸು ಮಾಡಿದವನು. ಮನೆಯಲ್ಲಿ ಯಾರೂ ಅವನನ್ನು ಹಾಗೆ ಕರೆಯುವುದಿಲ್ಲ. ಆಡುವವರು ಹಾಗೆ ಕರೆಯುತ್ತಾರೆ ಅಂತ ಅಕ್ಕನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಊರಿಗೆಲ್ಲ ಗೊತ್ತು. ಗೊತ್ತಿಲ್ಲದವನು ಅವನೊಬ್ಬನೇ. ಅವನನ್ನು ಅವರು ಕರೆಯುವುದು ಕೈ ಬೀಸಿ, ಹೆಗಲು ತಟ್ಟಿ. ಮೈಕಿನಲ್ಲಿ ಎಷ್ಟು ವರ್ಷ ಎಷ್ಟು ಜೋರಾಗಿ ಕೂಗಿದರೂ ಅವನಿಗೆ ತಲುಪದಿದ್ದ ಹೆಸರನ್ನು ನಾನು ಮೂವತ್ತು ಪಾಯಿಂಟಿನ ಅಕ್ಷರದಲ್ಲಿ ಅಚ್ಚು ಹಾಕಿಸಿ ಅವನ ಕೈಗೆ ಕೊಟ್ಟಿದ್ದೆ. ಪೇಪರ್ ಓದಿ ಮಡಿಸಿಟ್ಟನಂತೆ. ಮುಂದಿನ ಭಾನುವಾರ ಆಡಲು ಹೋಗಲಿಲ್ಲವಂತೆ.

ಡೆಸ್ಕಿಗೆ ಫೋನ್ ಮಾಡಿ ತಿದ್ದುಪಡಿ ಹಾಕಿ ಅಂದೆ. ಏನು ಅಂತ ಹಾಕುವುದು ಎಂದು ಕೇಳಿದರು. ನನ್ನಲ್ಲೂ ಉತ್ತರವಿರಲಿಲ್ಲ. ಇಂಥವರನ್ನು ಇಂಥ ಹೆಸರಿನಿಂದ ಕರೆದದ್ದು ತಪ್ಪು ಎಂದು ಅಚ್ಚು ಹಾಕಿದರೆ ಅದೇ ಹೆಸರು ಇನ್ನೊಂದು ಸಲ ಅಚ್ಚಾಗುತ್ತದೆ. ಬಿಟ್ಟೆವು.

ಆ ವಾರ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಆಟಗಾರರ ಅಡ್ಡಹೆಸರುಗಳನ್ನು ಹುಡುಕುತ್ತಾ ಹೋದೆ. ನನ್ನಂಥ ತಪ್ಪು ಬೇರೆಯವರೂ ಮಾಡಿರಲೇಬೇಕು ಅಂತ ಒಂದು ಆಸೆ. ಹುಡುಕಾಟ ಅಮೆರಿಕದ ಬೇಸ್‌ಬಾಲಿಗೆ ಹೋಗಿ ನಿಂತಿತು. ಆ ಆಟದ ನಿಯಮ ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಆದರೆ ಅಡ್ಡಹೆಸರಿಡುವುದರಲ್ಲಿ ಅವರು ನಮ್ಮ ಕೆರೆ ಅಂಗಳದವರಿಗೆ ಅಣ್ಣಂದಿರು. ಲಾರೆನ್ಸ್ ಬೆರಾ ಎಂಬ ಹುಡುಗ ಕಾಲು ಮಡಿಚಿ ಕೂರುವುದನ್ನು ನೋಡಿ, ಇಂಡಿಯಾದ ಬಗೆಗಿನ ಸಿನಿಮಾದಲ್ಲಿ ಕಂಡ ಯೋಗಿಯ ಹಾಗಿದ್ದಾನೆ ಅಂದನಂತೆ ಅವನ ಗೆಳೆಯ. ಆತ ಸಾಯುವ ತನಕ ಯೋಗಿ ಬೆರಾ. ಬಾಲ್ಯದಲ್ಲಿ ಮೇವು ಕತ್ತರಿಸುವ ಮಷೀನಿಗೆ ಬೆರಳು ಕೊಟ್ಟ ಮೊರ್ಡೆಕೈ ಬ್ರೌನ್ 'ತ್ರೀ ಫಿಂಗರ್' ಆದ. ಆ ಮೊಂಡು ಬೆರಳಿನಿಂದಲೇ ಅವನ ಬಾಲು ಯಾರಿಗೂ ಅಂದಾಜು ಸಿಗದಂತೆ ತಿರುಗುತ್ತಿತ್ತು. ಬೇಬ್ ರೂತ್‌ಗೆ ಅಂಟಿದ ಹೆಸರುಗಳಲ್ಲಿ ಎಷ್ಟೋ ಪೇಪರಿನವರೇ ಕಟ್ಟಿದವು. ನಮ್ಮ ಕುಲದವರು.

ಹಾಗೇ ಕೆಳಗೆ ಹೋದಾಗ ವಿಲಿಯಂ ಹಾಯ್ ಸಿಕ್ಕರು. ಹುಟ್ಟಿದ್ದು 1862ರಲ್ಲಿ. ಚಿಕ್ಕಂದಿನಲ್ಲೇ ಮೆದುಳುಜ್ವರ ಬಂದು ಕಿವಿ ಹೋಯಿತು. 1888ರಿಂದ 1902ರವರೆಗೆ ದೊಡ್ಡ ಲೀಗಿನಲ್ಲಿ ಆಡಿದರು. 1889ರ ಒಂದೇ ಪಂದ್ಯದಲ್ಲಿ ದೂರದ ಔಟ್‌ಫೀಲ್ಡಿನಿಂದ ನೇರ ಎಸೆದು ಮೂವರನ್ನು ಹೋಮ್ ಪ್ಲೇಟಿನಲ್ಲಿ ಔಟ್ ಮಾಡಿಸಿದರು. ಅವರ ಹೆಸರು 'ಡಮ್ಮಿ' ಹಾಯ್. ಕನ್ನಡದಲ್ಲಿ ಹೇಳಿದರೆ ನನ್ನ ಹೆಡ್ಡಿಂಗಿನ ಅದೇ ಪದ. ಆ ಕಾಲದಲ್ಲಿ ಕಿವಿ ಕೇಳದ ಆಟಗಾರರೆಲ್ಲ ಡಮ್ಮಿಗಳೇ. ಅವರ ನಂತರ ನ್ಯೂಯಾರ್ಕ್ ಜೈಂಟ್ಸ್‌ಗೆ ಆಡಿದ ಲೂಥರ್ ಟೇಲರ್ ಕೂಡ ಡಮ್ಮಿ ಟೇಲರ್. ಟೇಲರ್‌ಗಾಗಿ ಅವರ ತಂಡದವರು ಕೈಭಾಷೆ ಕಲಿತರು. ಭಾಷೆ ಕಲಿತರೂ ಹೆಸರು ಬದಲಾಯಿಸಲಿಲ್ಲ. ಟವೆಲ್ ಬೀಸುತ್ತಿದ್ದ ನಮ್ಮ ಕ್ಯಾಪ್ಟನ್ ನೆನಪಾದ.

ಹಾಯ್ ಅವರ ಬಗ್ಗೆ ಇನ್ನೊಂದು ಸಂಗತಿ ಇದೆ. ವಿಲಿಯಂ ಅಂತ ಯಾರಾದರೂ ಕರೆದರೆ ಅವರೇ ತಿದ್ದಿ, ನಾನು ಡಮ್ಮಿ ಅನ್ನುತ್ತಿದ್ದರಂತೆ. ಇದನ್ನು ಓದಿದಾಗ ಆ ರಾತ್ರಿ ನನಗೆ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ನೋಡು, ಅವರಿಗೇ ಬೇಸರವಿರಲಿಲ್ಲ ಅಂತ. ಬೆಳಿಗ್ಗೆ ಎದ್ದು ಯೋಚಿಸಿದರೆ ಆ ಸಮಾಧಾನ ನಿಲ್ಲಲಿಲ್ಲ. ಹಾಯ್ ತಮ್ಮ ಹೆಸರು ತಾವೇ ಹೇಳಿದರು. ಈ ಹುಡುಗನನ್ನು ಯಾರೂ ಕೇಳಿಲ್ಲ, ನಾನೂ ಕೇಳಿರಲಿಲ್ಲ.

ಕೇಳಿದ್ದು ಮರುವರ್ಷ. ಅಷ್ಟರಲ್ಲಿ ಅವನು ಮತ್ತೆ ಆಡತೊಡಗಿದ್ದ; ಎಷ್ಟು ದಿನ ಬಿಟ್ಟಿದ್ದ, ಯಾರು ಕರೆದು ತಂದರು ಎಂದು ನಾನು ವಿಚಾರಿಸಲಿಲ್ಲ. ಇನ್ನೊಂದು ಊರಿನ ಟೂರ್ನಮೆಂಟು. ಪಂದ್ಯಶ್ರೇಷ್ಠ ಮತ್ತೆ ಅವನೇ. ಬಹುಮಾನ ಮುಗಿದ ಮೇಲೆ ಹತ್ತಿರ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ: 'ಹೋದ ವರ್ಷ ತಪ್ಪು ಬರೆದವನು ನಾನು. ಕ್ಷಮಿಸಿ. ಪೇಪರಿನಲ್ಲಿ ನಿಮ್ಮ ಹೆಸರು ಹೇಗೆ ಬರೆಯಲಿ?' ನನ್ನ ಮುಖ ನೋಡಿದ. ಕ್ಷಮಿಸಿದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಪೆನ್ನು ತೆಗೆದುಕೊಂಡು ದುಂಡಗೆ ಬರೆದ. ಮೊದಲು ಊರ ಹೆಸರು, ಆಮೇಲೆ ತನ್ನ ಹೆಸರು. ಜಾವಗಲ್ ಶ್ರೀನಾಥ್ ಥರ. ಶಾಲೆಯ ದಾಖಲೆಯಲ್ಲಿ ಹಾಗಿಲ್ಲ ಅಂತ ಅಕ್ಕ ಆಮೇಲೆ ಹೇಳಿದರು, ಅವನೇ ಇಟ್ಟುಕೊಂಡದ್ದು. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟದ್ದು ಆ ವರದಿಗಾಗಿ, ಇದಕ್ಕಲ್ಲ.

ಮರುದಿನ ವರದಿ ಬಂತು, ಸಿಂಗಲ್ ಕಾಲಂ, ಸಪ್ಪೆ ಹೆಡ್ಡಿಂಗ್. ಬೆಳಿಗ್ಗೆ ಏಳಕ್ಕೇ ಸಂಘಟಕರ ಫೋನು.

'ಅಣ್ಣಾ, ಮ್ಯಾನ್ ಆಫ್ ದ ಮ್ಯಾಚ್ ತಪ್ಪಾಗಿದೆ. ಇದ್ಯಾರು, ನಮ್ ಟೂರ್ನಮೆಂಟಲ್ಲಿ ಈ ಹೆಸ್ರಿನೋರು ಆಡೇ ಇಲ್ವಲ್ಲ?'

ಆಡಿದಾರೆ, ನಿಮ್ಮ ಸ್ಕೋರ್ ಶೀಟ್ ತೆಗೆದು ಅತ್ಯಧಿಕ ರನ್ ಯಾರದು ನೋಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಓ' ಅಂದರು. ಮತ್ತೆ, 'ಅವ್ನಿಗೆ ಇಷ್ಟುದ್ದ ಹೆಸ್ರಿದೆಯಾ' ಅಂದರು.

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ವಾಟ್ಸ್ಆ್ಯಪ್ ಬಂತು. ಡಿಪಿಯಲ್ಲಿ ಬ್ಯಾಟು. 'ಪೇಪರ್ ಪಿಡಿಎಫ್ ಕಳಿಸಿ' ಅಂತಷ್ಟೇ ಇತ್ತು. ಕಳಿಸಿದೆ.