ವಿದ್ಯಾಸಾಗರರ ಊರಿನಿಂದ ಬಂದ ಫೋನು

ಪುಟ್ಟ ರೈಲು ನಿಲ್ದಾಣವೊಂದರಲ್ಲಿ ಇಳಿದ ಯುವಕ ‘ಕೂಲಿ, ಕೂಲಿ’ ಎಂದು ಕೂಗುತ್ತಾನೆ. ಯಾರೂ ಬರುವುದಿಲ್ಲ. ಸಾದಾ ಧೋತರ ಉಟ್ಟ ಹಿರಿಯರೊಬ್ಬರು ಮುಂದೆ ಬಂದು ಪೆಟ್ಟಿಗೆ ಹೊತ್ತು ತಲುಪಿಸುತ್ತಾರೆ, ಕೂಲಿ ಕೊಡಹೋದರೆ ಬೇಡವೆನ್ನುತ್ತಾರೆ. ಅವರೇ ಪಂಡಿತ ಈಶ್ವರಚಂದ್ರ ವಿದ್ಯಾಸಾಗರರೆಂದು ತಿಳಿದಾಗ ಯುವಕ ನಾಚಿ ನೀರಾಗುತ್ತಾನೆ. ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ಈ ಕಥೆ ಕೇಳದವರು ಕಡಿಮೆ. ಅದರಲ್ಲಿ ನಿಜವೆಷ್ಟೋ, ಭಕ್ತಿಯೆಷ್ಟೋ. ಆದರೆ ಆ ನಿಲ್ದಾಣ ಇದೇ ಎಂದು ಹೇಳಿಕೊಳ್ಳುವ ಊರೊಂದಿದೆ. ಅದು ಜಾರ್ಖಂಡ್ ರಾಜ್ಯದ ಜಾಮ್ತಾರಾ ಜಿಲ್ಲೆಯ ಕರ್ಮಾಟಾಂಡ್. ಈಗ ಅಲ್ಲಿನ ನಿಲ್ದಾಣದ ಹೆಸರೇ ‘ವಿದ್ಯಾಸಾಗರ’.

ಕರ್ನಾಟಕದಿಂದ ಹೋಗುವವರು ಹೌರಾ ಸೇರಿ, ಅಲ್ಲಿಂದ ಆಸನ್‌ಸೋಲ್ ಮಾರ್ಗವಾಗಿ ಪಟ್ನಾ ಕಡೆಗೆ ಹೋಗುವ ರೈಲು ಹಿಡಿಯಬೇಕು. ರೈಲು ಎಂಜಿನ್ ಕಾರ್ಖಾನೆಯ ಚಿತ್ತರಂಜನ್ ದಾಟಿದರೆ ಬಂಗಾಳ ಮುಗಿಯಿತು. ಕಿಟಕಿಯಾಚೆ ಕೆಂಪು ಮಣ್ಣಿನ ದಿಣ್ಣೆಗಳು, ತಾಳೆ ಮರಗಳು, ಮಳೆಯನ್ನೇ ನಂಬಿದ ಭತ್ತದ ಗದ್ದೆಗಳು. ಫಾಲ್ಗುಣದಲ್ಲಿ ಹೋದವರಿಗೆ ಮುತ್ತುಗದ ಹೂವಿನ ಕೆಂಪು ಬೇರೆ. ಮೊದಲು ಜಾಮ್ತಾರಾ, ಇನ್ನೊಂದಿಷ್ಟು ದೂರ ಹೋದರೆ ವಿದ್ಯಾಸಾಗರ.

ವಿಧವಾ ವಿವಾಹ ಕಾಯ್ದೆಗಾಗಿ ಹೋರಾಡಿ, 1856ರಲ್ಲಿ ಅದನ್ನು ಕಂಡ ಪಂಡಿತರು ಕಲ್ಕತ್ತೆಯ ಗದ್ದಲಕ್ಕೆ ಬೇಸತ್ತು 1870ರ ದಶಕದಲ್ಲಿ ಇಲ್ಲಿಗೆ ಬಂದರು. ‘ನಂದನ ಕಾನನ’ವೆಂಬ ಮನೆ ಮಾಡಿ ಸಂತಾಲರಿಗೆ ಹೋಮಿಯೋಪತಿ ಔಷಧ ಕೊಟ್ಟರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ದುಡಿದು ಬಂದವರಿಗೆ ರಾತ್ರಿಶಾಲೆ ನಡೆಸಿದರು. ಅವರ ಅತಿಥಿಯಾಗಿದ್ದ ವಿದ್ವಾಂಸ ಹರಪ್ರಸಾದ ಶಾಸ್ತ್ರಿಗಳು ಕಂಡದ್ದನ್ನು ಬರೆದಿಟ್ಟಿದ್ದಾರೆ. ಬೆಳಿಗ್ಗೆ ಸಂತಾಲರು ಮೆಕ್ಕೆಜೋಳದ ತೆನೆ ತಂದು ಬಾಯಿಗೆ ಬಂದ ಬೆಲೆ ಹೇಳಿದರೆ ವಿದ್ಯಾಸಾಗರರು ಚೌಕಾಶಿಯಿಲ್ಲದೆ ಕೊಟ್ಟು ಕೊಳ್ಳುತ್ತಿದ್ದರಂತೆ. ಹಸಿದು ಬಂದವರಿಗೆ ಮಧ್ಯಾಹ್ನ ಅದೇ ತೆನೆಗಳನ್ನು ಹಂಚುತ್ತಿದ್ದರಂತೆ. ಅವರು 1891ರಲ್ಲಿ ತೀರಿಕೊಂಡ ಮೇಲೆ ಮನೆ ಬೇರೆಯವರ ಪಾಲಾಯಿತು. ಬಿಹಾರದ ಬಂಗಾಳಿಗಳು ಚಂದಾ ಎತ್ತಿ ಅದನ್ನು ಕೊಂಡು ಉಳಿಸಿಕೊಂಡದ್ದು 1974ರಲ್ಲಿ.

ಇಷ್ಟು ಪುಣ್ಯ ಕಟ್ಟಿಕೊಂಡ ಊರಿನ ಹೆಸರು ದೇಶದ ಮನೆಮನೆಗೆ ತಲುಪಿದ್ದು ಮಾತ್ರ ಬೇರೆ ದಾರಿಯಿಂದ, ಫೋನಿನ ಮೂಲಕ.

ಮೊಬೈಲು ಬರುವ ಮುಂಚೆ ಈ ಭಾಗ ರೈಲುಗಳ್ಳತನಕ್ಕೆ ಕುಖ್ಯಾತ. ಸಹಪ್ರಯಾಣಿಕನಂತೆ ಸ್ನೇಹದಿಂದ ಮಾತಾಡಿಸಿ, ಚಹಾದಲ್ಲೋ ಬಿಸ್ಕತ್ತಿನಲ್ಲೋ ಮತ್ತಿನ ಮದ್ದು ಬೆರೆಸಿ ದೋಚುವ ತಂಡಗಳಿದ್ದವು. ಮೊಬೈಲು ಬಂದ ಮೇಲೆ ರೈಲು ಹತ್ತುವ ಶ್ರಮವೂ ಉಳಿಯಿತು. ಮಳೆ ಕೈಕೊಟ್ಟರೆ ಕೂಲಿಯೂ ಇಲ್ಲದ ಸೀಮೆಯಲ್ಲಿ ಶಾಲೆ ಬಿಟ್ಟ ಹುಡುಗರು ಗದ್ದೆಯ ಬದುವಿನಲ್ಲಿ, ಮರದ ನೆರಳಿನಲ್ಲಿ ಕೂತು ‘ನಾನು ಬ್ಯಾಂಕ್ ಮ್ಯಾನೇಜರ್’ ಎನ್ನತೊಡಗಿದರು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಪೊಲೀಸರು ಇವರನ್ನು ಹುಡುಕಿ ಜಾಮ್ತಾರಾದ ದಾರಿ ಸವೆಸಿದರು. 2020ರಲ್ಲಿ ಊರಿನ ಹೆಸರಿನಲ್ಲೇ ಧಾರಾವಾಹಿ ಬಂತು. ಈ ಕಸುಬಿಗೆ ಕೈಹಾಕದ ಜಾಮ್ತಾರಾದ ಬಡಪಾಯಿ ವಿದ್ಯಾರ್ಥಿ ಪರಊರಿನಲ್ಲಿ ತನ್ನ ಊರು ಯಾವುದೆಂದು ಹೇಳಲು ಹಿಂಜರಿಯುವಂತಾಯಿತೆಂದರೆ ಆಶ್ಚರ್ಯವಿಲ್ಲ.

ಆ ಹುಡುಗರಿಗಿದ್ದ ವಿದ್ಯೆ ಏನು? ಕಂಪ್ಯೂಟರಿನ ಮಂತ್ರವೇನಲ್ಲ. ಒಂದು ಬ್ಯಾಂಕು ಕೊಡುವ ಒಂದು ಬಗೆಯ ಕಾರ್ಡುಗಳಿಗೆಲ್ಲ ಮೊದಲ ಕೆಲವು ಅಂಕಿಗಳು ಒಂದೇ ಆಗಿರುತ್ತವೆ. ಅವನ್ನು ತಾವೇ ಹೇಳಿ, ‘ಉಳಿದದ್ದು ನೀವು ಹೇಳಿ, ಸರಿಯಿದೆಯೇ ನೋಡೋಣ’ ಎಂದರೆ ಎಂಥವರಿಗೂ ನಂಬಿಕೆ ಬಂದುಬಿಡುತ್ತದೆ. ಆಮೇಲೆ ಅವಸರ: ‘ಇವತ್ತು ಸಂಜೆಯೊಳಗೆ ಕಾರ್ಡು ಬಂದ್.’ ಆಮೇಲೆ ಒಟಿಪಿ. ಇಷ್ಟರ ನಡುವೆ ಫೋನು ಇಡಲು ಬಿಡಕೂಡದು. ಇಟ್ಟರೆ ಆ ಮನುಷ್ಯ ಪಕ್ಕದವರನ್ನು ಕೇಳುತ್ತಾನೆ, ಕೇಳಿದರೆ ಆಟ ಕೆಟ್ಟಿತು. ನೂರು ಜನ ಬೈದು ಇಟ್ಟರೂ ಚಿಂತೆಯಿಲ್ಲ, ಹೆದರಿದವನೊಬ್ಬ ಸಿಕ್ಕರೆ ಸಾಕು.

ವೇಷ ಮಾತ್ರ ಬದಲಾಗುತ್ತ ಬಂದಿದೆ. ಕೆವೈಸಿ ಮುಗಿದಿದೆ ಎಂಬುದೊಂದು. ಹಳೆಯ ಮಂಚ ಕೊಳ್ಳುತ್ತೇನೆ, ಹಣ ಬರಲು ಯುಪಿಐ ಪಿನ್ ಒತ್ತಿ ಎಂಬುದೊಂದು. ಹಣ ಪಡೆಯಲು ಪಿನ್ ಬೇಕಿಲ್ಲ, ಅದು ಬೇಕಾದದ್ದು ಕೊಡಲು ಮಾತ್ರ. ಸಂಚಾರ ದಂಡದ ಚೀಟಿಯೆಂದೋ ಮದುವೆಯ ಕರೆಯೋಲೆಯೆಂದೋ ವಾಟ್ಸ್ಆ್ಯಪಿನಲ್ಲಿ ಬರುವ ಎಪಿಕೆ ಕಡತವನ್ನು ತೆರೆದರೆ ಫೋನೇ ಪರರ ಪಾಲು. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಬಂಧನ’ ಎನ್ನುವವರೂ ಇದ್ದಾರೆ. ಅಂಥ ಬಂಧನ ಭಾರತದ ಯಾವ ಕಾನೂನಿನಲ್ಲೂ ಇಲ್ಲ. ದಂಧೆ ಈಗ ಜಾಮ್ತಾರಾಕ್ಕೆ ಸೀಮಿತವಾಗಿಯೂ ಉಳಿದಿಲ್ಲ. ಮೇವಾತದ ಹಳ್ಳಿಗಳಿಂದ ಕಾಂಬೋಡಿಯ, ಮ್ಯಾನ್ಮಾರ್‌ಗಳ ಬೇಲಿ ಹಾಕಿದ ಕಟ್ಟಡಗಳವರೆಗೆ ಹಬ್ಬಿದೆ. ಕೆಲಸದ ಆಸೆಗೆ ಹೋಗಿ ಅಲ್ಲಿ ಸಿಕ್ಕಿಕೊಂಡು, ಬಲವಂತಕ್ಕೆ ಕರೆ ಮಾಡಿದವರಲ್ಲಿ ಭಾರತದ ಹುಡುಗರೂ ಇದ್ದರು.

ಹೆತ್ತವರ ಎದೆ ನಡುಗಿಸುವ ಕರೆ ಇನ್ನೊಂದು ಬಗೆಯದು. ಮಗ ದೂರದ ಹಾಸ್ಟೆಲಿನಲ್ಲಿದ್ದಾನೆ. ‘ನಿಮ್ಮ ಹುಡುಗ ನಮ್ಮ ಠಾಣೆಯಲ್ಲಿದ್ದಾನೆ, ಕೇಸು ಆಗಬಾರದಿದ್ದರೆ ಈಗಲೇ ಹಣ ಕಳಿಸಿ’ ಎಂದು ಗಡಸು ದನಿ. ಹಿಂದಿನಿಂದ ‘ಅಮ್ಮಾ’ ಎಂಬ ಅಳು. ಆ ಗಳಿಗೆಯಲ್ಲಿ ತಾಯಿಗೆ ದನಿಯ ಗುರುತು ಹಿಡಿಯುವ ತಾಳ್ಮೆ ಎಲ್ಲಿಂದ ಬಂದೀತು? ಫೋನು ಇಟ್ಟು ಮಗನಿಗೋ ವಾರ್ಡನ್‌ಗೋ ತಾವೇ ಕರೆ ಮಾಡುವುದು ಎಂದು ಮನೆಯಲ್ಲಿ ಮೊದಲೇ ಮಾತಾಗಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಮನೆಯವರಿಗಷ್ಟೇ ಗೊತ್ತಿರುವ ಗುರುತಿನ ಮಾತೊಂದನ್ನು ಇಟ್ಟುಕೊಂಡ ಕುಟುಂಬಗಳೂ ಉಂಟು. ಮಕ್ಕಳಿಗೂ ಬಲೆಯಿದೆ. ‘ನಿನ್ನ ಬ್ಯಾಂಕ್ ಖಾತೆಯನ್ನು ಎರಡು ದಿನ ಕೊಡು, ಕಮಿಷನ್ ಕೊಡ್ತೀನಿ’ ಎನ್ನುವವನಿಗೆ ಖಾತೆ ಕೊಟ್ಟ ವಿದ್ಯಾರ್ಥಿಯ ಮನೆ ಬಾಗಿಲಿಗೆ ಪೊಲೀಸರೇ ಬರುತ್ತಾರೆ. ಕದ್ದ ಹಣ ಹರಿಯುವುದು ಅಂಥ ಖಾತೆಗಳಲ್ಲಿ.

ಹಣ ಹೋದ ಮೇಲೆ ಅದನ್ನು ಮುಳುಗಿಸುವುದು ಬಹಳ ಸಲ ಮರ್ಯಾದೆಯ ಅಂಜಿಕೆ. ಪಿಂಚಣಿಯ ಹಣ ಕಳೆದುಕೊಂಡ ಅಜ್ಜ ‘ಓದಿದ ಮೊಮ್ಮಗಳು ನಕ್ಕಾಳು’ ಎಂದು ಎರಡು ದಿನ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಹಣ ನಾಲ್ಕಾರು ಖಾತೆ ದಾಟಿರುತ್ತದೆ. 1930 ಸಂಖ್ಯೆಗೆ ಕೂಡಲೇ ತಿಳಿಸಿದರೆ ಅದನ್ನು ನಡುದಾರಿಯಲ್ಲಿ ತಡೆಹಿಡಿಯುವ ಅವಕಾಶವಿದೆ. ಬ್ಯಾಂಕಿಗೂ ಆಗಲೇ ಹೇಳಬೇಕು. ಗ್ರಾಹಕನೇ ಗುಟ್ಟಿನ ಅಂಕಿ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಅನಂತರ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತ್ತು. ಅಜ್ಜನನ್ನು ಬೈಯುವ ಕಾರ್ಯಕ್ರಮವಿದ್ದರೆ ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು.

ಜಾಮ್ತಾರಾದ ಹೆತ್ತವರ ಸಂಕಟ ಇದಕ್ಕಿಂತ ಬೇರೆ: ಫೋನು ಹಿಡಿದು ಹೊಲದ ಕಡೆ ಹೋದ ಮಗ ಏನು ಮಾಡುತ್ತಿದ್ದಾನೋ. 2020ರ ಕೊನೆಯಲ್ಲಿ ಜಿಲ್ಲಾಡಳಿತ ಪಾಳುಬಿದ್ದ ಸರ್ಕಾರಿ ಕಟ್ಟಡಗಳನ್ನು ಹುಡುಕಿ, ಸುಣ್ಣ ಬಳಿದು, ಕುರ್ಚಿ ಮೇಜು ಹಾಕಿ ಗ್ರಂಥಾಲಯ ಮಾಡಲು ತೊಡಗಿತು. ಒಂದೊಂದಾಗಿ ಜಿಲ್ಲೆಯ 118 ಪಂಚಾಯತಿಗಳಿಗೂ ಗ್ರಂಥಾಲಯ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಲ್ಲಿ ಸೇರತೊಡಗಿದರು, ಪಾಠ ಹೇಳಲು ಅಧಿಕಾರಿಗಳೂ ಬಂದರು. ಅದೇ ಸೀಮೆಯಲ್ಲಿ ನಂದನ ಕಾನನದ ಅಂಗಳವಿದೆ, ರಾತ್ರಿಶಾಲೆ ನಡೆಸಿದ ಪಂಡಿತರ ಪ್ರತಿಮೆಯಿದೆ, ಅನತಿ ದೂರದಲ್ಲಿ ಅವರ ಹೆಸರಿನ ನಿಲ್ದಾಣವಿದೆ.