ಅಮ್ಮನ ಚೂರಿಯೂ ವಜ್ರದ ಕಲ್ಲೂ

ವಜ್ರ ಎಂದೊಡನೆ ಒಡವೆಯ ಸುದ್ದಿಯಿರಬೇಕೆಂದು ನೀವು ಕನ್ನಡಕ ಸರಿಪಡಿಸಿಕೊಂಡು ಕುಳಿತಿದ್ದರೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಹೇಳಹೊರಟಿರುವುದು ಅಡುಗೆಮನೆಯ ಚೂರಿಯ ಬಾಯಿ ತಿದ್ದುವ ವಜ್ರದ ಮಸೆಗಲ್ಲಿನ ವಿಷಯ. ಅದರಲ್ಲೂ ಒರಟು ಕಲ್ಲಿನ ವಿಷಯ. ನಿಮ್ಮ ಮನೆಯಲ್ಲೂ ಎಷ್ಟು ಮಸೆದರೂ ಟೊಮೆಟೊವನ್ನು ಕೊಯ್ಯದೆ ಹಿಚುಕುವ ಒಂದು ಚೂರಿ ಇದ್ದೇ ಇರುತ್ತದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿ.

ನಮ್ಮ ಮನೆ ಇರುವುದು ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದಲ್ಲಿ. ಹಿಂದೆ ಎರ್ನಾಕುಳಂಗೆ ಹೋಗಲು ದೋಣಿಗೆ ಕಾಯಬೇಕಿತ್ತು. 2004ರಲ್ಲಿ ಗೋಶ್ರೀ ಸೇತುವೆಗಳಾದವು, 2011ರಲ್ಲಿ ಕಂಟೇನರ್ ಟರ್ಮಿನಲ್ ಬಂತು. ಈಗ ಲಾರಿಗಳ ಸದ್ದಿಗೂ ಕೊರತೆಯಿಲ್ಲ. ಬದಲಾಗದ್ದೆಂದರೆ ಉಪ್ಪುಗಾಳಿ. ಕಬ್ಬಿಣದ ವಸ್ತುವನ್ನು ರಾತ್ರಿ ಒದ್ದೆಯಾಗಿ ಬಿಟ್ಟರೆ ಬೆಳಿಗ್ಗೆ ಕೆಂಪಗೆ ನಗುತ್ತಿರುತ್ತದೆ.

ಅಮ್ಮನ ಚೂರಿ ಕುಂದಾಪುರದ ಕಡೆಯ ಒಬ್ಬ ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದ್ದು. ಸ್ಟೇನ್‌ಲೆಸ್ ಅಲ್ಲ, ಕಪ್ಪು ಉಕ್ಕು. ನಾನು ಕೆಲಸಕ್ಕೆಂದು ಕೊಚ್ಚಿಗೆ ಹೊರಟಾಗ ಅಮ್ಮ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಆಗ ಅದರ ಅಗಲ ಮೂರು ಬೆರಳು. ಈಗ ಎರಡೂ ಇಲ್ಲ. ಅಮ್ಮನೂ ಇಲ್ಲ. ಹೀಗಾಗಿ ಆ ಚೂರಿಯಲ್ಲಿ ಉಳಿದಿರುವ ಉಕ್ಕಿನ ಲೆಕ್ಕ ನನಗೆ ಬ್ಯಾಂಕಿನ ಪಾಸ್‌ಬುಕ್ಕಿನ ಲೆಕ್ಕಕ್ಕಿಂತ ಮುಖ್ಯ.

ಒಮ್ಮೆ ಬೀದಿಯಲ್ಲಿ ಸಾಣೆ ಹಿಡಿಯುವವನೊಬ್ಬನ ಕೈಗೆ ಅದನ್ನು ಕೊಟ್ಟೆ. ಕಿಡಿಗಳ ಮಳೆ ನೋಡಲು ಚೆನ್ನಾಗಿತ್ತು. ಮನೆಗೆ ತಂದು ನೋಡಿದರೆ ತುದಿ ನೀಲಿಗಟ್ಟಿದೆ. ಉಕ್ಕು ಸುಮಾರು 300 ಡಿಗ್ರಿ ಕಾದರೆ ಮೇಲೆ ನೀಲಿ ಬಣ್ಣ ಮೂಡುತ್ತದೆ; ಅಷ್ಟು ಕಾದ ಜಾಗದಲ್ಲಿ ಕಮ್ಮಾರ ಕೂಡಿಸಿದ್ದ ಹದ ಇಳಿದುಹೋಗಿರುತ್ತದೆ. ಆ ತುದಿ ಮತ್ತೆ ಹರಿತವನ್ನು ಹಿಡಿದು ನಿಲ್ಲಲಿಲ್ಲ. ಅಂದೇ ಶಪಥ ಮಾಡಿದೆ, ಇನ್ನು ಮೇಲೆ ಮಸೆಯುವುದು ನಾನೇ ಎಂದು.

ಶಪಥ ಸುಲಭ. ಎರ್ನಾಕುಳಂನ ಬ್ರಾಡ್‌ವೇಯಲ್ಲಿ ಅಲೆದು, 1200 ಎಂದು ಬರೆದಿದ್ದ ನಯವಾದ ವಜ್ರದ ಕಲ್ಲೊಂದನ್ನು ತಂದೆ. ದೊಡ್ಡ ಅಂಕಿ, ಒಳ್ಳೆಯ ಕಲ್ಲು ಎಂಬ ಭಾವನೆ! ಎರಡು ಸಂಜೆ ತಿಕ್ಕಿದೆ. ಚೂರಿ ಕನ್ನಡಿಯಂತೆ ಹೊಳೆಯಿತು, ಸೌತೆಕಾಯಿಯನ್ನು ಮಾತ್ರ ಕೊಯ್ಯದೆ ಸೀಳಿತು. ನನ್ನವಳು ಮಾತಾಡಲಿಲ್ಲ. ಈಳಿಗೆಮಣೆ ಎಳೆದುಕೊಂಡು ಕುಳಿತಳು. ಮಾತಾಡಿದ್ದರೇ ವಾಸಿಯಿತ್ತು.

ತಪ್ಪೆಲ್ಲಿ ಎಂದು ತಿಳಿಯಲು ಚೂರಿಯನ್ನು ತುದಿಯ ಕಡೆಯಿಂದ ನೋಡಬೇಕು. ಅದೊಂದು ಬೆಣೆ: ಬೆನ್ನು ದಪ್ಪ, ಬಾಯಿ ತೆಳು. ಪ್ರತಿ ಸಲ ಮಸೆದಾಗಲೂ ಬಾಯಿ ಕೂದಲೆಳೆಯಷ್ಟು ಬೆನ್ನಿನ ಕಡೆಗೆ, ಅಂದರೆ ದಪ್ಪ ಭಾಗದ ಕಡೆಗೆ ಏರುತ್ತದೆ. ವರ್ಷಗಟ್ಟಲೆ ಹೀಗಾದ ಮೇಲೆ ಅಂಚು ಎಷ್ಟೇ ಹರಿತವಿರಲಿ, ಅದರ ಹಿಂದಿನ ಹೆಗಲು ದಪ್ಪವಾಗಿ ತರಕಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಳಿಸಬೇಕಾದದ್ದು ಆ ಹೆಗಲನ್ನು. 1200ರ ಕಲ್ಲಿನಿಂದ ಅದನ್ನು ಇಳಿಸುತ್ತೇನೆಂದರೆ ಚಮಚದಲ್ಲಿ ಬಾವಿ ತೋಡಿದ ಹಾಗೆ.

ಕಲ್ಲಿನ ಮೇಲಿನ ಅಂಕಿ ಮೂಲತಃ ಜರಡಿಯ ಲೆಕ್ಕ. ರವೆ ಜರಡಿಗೂ ಮೈದಾ ಜರಡಿಗೂ ವ್ಯತ್ಯಾಸ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ: ಅಂಗುಲಕ್ಕೆ ಕಣ್ಣುಗಳು ಹೆಚ್ಚಿದಷ್ಟೂ ಕಣ ಸಣ್ಣದು. 120ರ ಕಲ್ಲಿನ ವಜ್ರದ ಕಣ ಸುಮಾರು 120 ಮೈಕ್ರಾನ್, 220ರದು 60, 325ರದು 45, 600ರದು 25, 1200ರದು 9 ಮೈಕ್ರಾನ್. ಎಲ್ಲ ತಯಾರಕರೂ ಒಂದೇ ಪದ್ಧತಿ ಹಿಡಿಯುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ಮೈಕ್ರಾನ್ ಬರೆದಿದ್ದರೆ ಅದನ್ನೇ ನಂಬಿ.

ನೆಲದಿಂದ ಅಗೆದ ವಜ್ರವೇ ಎಂದು ಕೇಳಬೇಡಿ. ವಿಜಯನಗರದ ಅರಸರ ಕಾಲದಲ್ಲಿ ವಜ್ರ ಕೊಟ್ಟ ವಜ್ರಕರೂರು ನಮ್ಮ ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯಲ್ಲಿದೆ. ಅಲ್ಲಿನ ವಜ್ರದಿಂದ ಯಾರೂ ಚೂರಿ ಮಸೆದಿರಲಾರರು. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಎಂಬಾತ ಅಗಾಧ ಒತ್ತಡ ಮತ್ತು ಶಾಖದಲ್ಲಿ ವಜ್ರ ತಯಾರಿಸಿ ತೋರಿಸಿದ. ಅಲ್ಲಿಂದ ಮುಂದೆ ವಜ್ರದ ಪುಡಿ ಕಾರ್ಖಾನೆಯ ಸರಕಾಯಿತು. ನಮ್ಮ ಕಲ್ಲು ಎಂದರೆ ಒಂದು ಉಕ್ಕಿನ ಹಲಗೆ. ಅದರ ಮೇಲೆ ನಿಕಲ್ ಲೇಪದಲ್ಲಿ ಹುದುಗಿಸಿದ ಒಂದೇ ಒಂದು ಪದರ ವಜ್ರದ ಕಣ. ಅದು ಕಿತ್ತುಹೋದರೆ ಕೆಳಗೆ ಇನ್ನೊಂದು ಪದರವಿಲ್ಲ. ಆದ್ದರಿಂದ ಒತ್ತಬಾರದು. ಭಾರ ಹಾಕಿದಷ್ಟೂ ಕಣಗಳು ಬೇರು ಸಮೇತ ಕೀಳುತ್ತವೆ.

ಎರಡನೆಯ ಸಲ ಆತುರದಲ್ಲಿ 120ರ ಕಲ್ಲನ್ನೇ ತಂದೆ. ಅಂಗಡಿಯಲ್ಲಿ ನೋಡದೆ ತಂದದ್ದು. ಮನೆಯಲ್ಲಿ ಉಕ್ಕಿನ ಸ್ಕೇಲು ನಿಲ್ಲಿಸಿ ಬೆಳಕಿಗೆ ಹಿಡಿದರೆ ನಡುವೆ ಬೆಳಕು ತೂರಿತು. ಹಲಗೆ ಬಾಗಿತ್ತು. ನೀವು ಕೊಳ್ಳುವಾಗ ಸ್ಕೇಲನ್ನು ಜೇಬಿನಲ್ಲೇ ಒಯ್ಯಿರಿ, ಸಂಕೋಚ ಬೇಡ. ಬದಲಿಸಿ ತಂದ ಕಲ್ಲು ಸಪಾಟಾಗಿತ್ತು, ಆದರೆ ನನ್ನ ಕೈ ಆಗಿರಲಿಲ್ಲ. ಹತ್ತು ನಿಮಿಷದಲ್ಲಿ ಹಿಡಿಯ ಹತ್ತಿರ ಒಂದು ಹಳ್ಳ ಬಿತ್ತು. ಅಮ್ಮನ ಉಕ್ಕು ಬೂದು ಕೆಸರಾಗಿ ಬಚ್ಚಲಿಗೆ ಹರಿದುಹೋದದ್ದನ್ನು ನೋಡುತ್ತ ನಿಂತೆ. ಅದನ್ನು ಯಾವ ಕಲ್ಲೂ ವಾಪಸು ಕೊಡುವುದಿಲ್ಲ.

ಈಗ ನನ್ನ ಅಭಿಪ್ರಾಯ ಹೀಗಿದೆ. ಮನೆಯ ಚೂರಿಯ ಬಾಯಿ ತಿದ್ದಲು 220 ಇಲ್ಲವೇ 325 ಸಾಕು. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ತಪ್ಪು ಮಾಡಿದರೆ ತಿದ್ದಿಕೊಳ್ಳಲು ಅವಕಾಶವಿರುತ್ತದೆ. 120 ಬೇಕಾಗುವುದು ತೆಂಗಿನಕಾಯಿ ಒಡೆದು ಬಾಯಿ ಹಾರಿದ ದಪ್ಪ ಕತ್ತಿಗೆ. ಕಲ್ಲು ಚೂರಿಯಷ್ಟಾದರೂ ಉದ್ದವಿರಲಿ. ತೂತುತೂತಿನ ಮೈಯ ಕಲ್ಲಿನಲ್ಲಿ ಪುಡಿ ನಿಲ್ಲದೆ ಕೆಲಸ ಸಲೀಸು, ಆದರೆ ಚೂಪು ತುದಿ ತೂತಿಗೆ ಸಿಕ್ಕಿಕೊಳ್ಳುತ್ತದೆ. ಸಣ್ಣ ಚೂರಿಗೆ ತೂತಿಲ್ಲದ್ದೇ ವಾಸಿ. ನಿಜ ಹೇಳಬೇಕೆಂದರೆ, ಅಮ್ಮನ ಚೂರಿಯಂಥ ಮೆದು ಉಕ್ಕಿಗೆ ಅಗ್ಗದ ಕಾರ್ಬೊರಂಡಂ ಕಲ್ಲೂ ಆದೀತು. ಅದು ಬೇಗ ನಡುವೆ ಸವೆದು ದೋಣಿಯಾಗುತ್ತದೆ. ವಜ್ರದ ಹಲಗೆ ಸಪಾಟಾಗಿಯೇ ಉಳಿಯುತ್ತದೆ. ನಾನು ದುಡ್ಡು ಕೊಟ್ಟದ್ದು ಆ ಸಪಾಟಿಗೆ.

ತಿಕ್ಕುವ ಮೊದಲು ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಎರಡು ಸಲ ತಿಕ್ಕಿ ನೋಡಿದರೆ ಮಸಿ ಎಲ್ಲಿ ಅಳಿಸಿದೆಯೋ ಅಲ್ಲಿ ಕಲ್ಲು ತಾಗುತ್ತಿದೆ ಎಂದರ್ಥ. 40 ಮಿಲಿಮೀಟರ್ ಅಗಲದ ಚೂರಿಯ ಬೆನ್ನನ್ನು 10 ಮಿಲಿಮೀಟರಿನಷ್ಟು ಎತ್ತಿ ಹಿಡಿದರೆ 15 ಡಿಗ್ರಿ ಕೋನ ಬರುತ್ತದೆ. ಮುಗಿದ ಮೇಲೆ ಕಲ್ಲನ್ನು ತೊಳೆದು ಒರೆಸಿ ಒಣಗಿಸಿ. ಉಪ್ಪುಗಾಳಿಯ ಊರಿನವರಂತೂ ಮರೆಯಲೇಬಾರದು.

325ರಲ್ಲಿ ನಾಲ್ಕು ಸಂಜೆ ಕುಳಿತು ಹೆಗಲು ಇಳಿಸಿದೆ. ಹಳ್ಳ ಪೂರ್ತಿ ಹೋಗಿಲ್ಲ. ಹೋಗಲಾಡಿಸಲು ಇನ್ನೂ ಉಕ್ಕು ಕಳೆಯಬೇಕು, ಮನಸ್ಸಿಲ್ಲ. ಐದನೆಯ ದಿನ ನನ್ನವಳು ಬದನೆಕಾಯಿ ಹೆಚ್ಚಿ, "ಪರವಾಗಿಲ್ಲ ಕಣ್ರೀ" ಎಂದಳು.

ಸುದ್ದಿ ಹರಡಿ, ನೆರೆಮನೆಯ ಚೇಚಿ ಕರಿಮೀನು ಕೊಯ್ಯುವ ಕತ್ತಿ ಹಿಡಿದು ಬಂದರು. ಮೀನಿನ ಕತ್ತಿ ಅಮ್ಮನ ಚೂರಿಯ ಕಲ್ಲಿನ ಮೇಲೆ ಬರಕೂಡದೆಂದು ಒಳಗಿನಿಂದ ಅಪ್ಪಣೆಯಾಯಿತು. ಮೂಲೆಯಲ್ಲಿದ್ದ 120ರ ಕಲ್ಲಿಗೆ ಕೊನೆಗೂ ಉದ್ಯೋಗ ಸಿಕ್ಕಿತು. ಒರಟಾಗಿ ಮಸೆದು, ಇನ್ನು ನಯ ಮಾಡಲು ಬೇರೆ ಕಲ್ಲು ತರುತ್ತೇನೆ ಎಂದೆ. ಆಕೆ ಅಂಚನ್ನು ಉಗುರಿನ ಮೇಲೆ ಇಟ್ಟು ನೋಡಿ, "ಮದಿ, ಮದಿ" ಎಂದು ಕತ್ತಿ ಕಸಿದುಕೊಂಡರು. ನಯ ಮಾಡಿದರೆ ಮೀನಿನ ಚರ್ಮದ ಮೇಲೆ ಜಾರುತ್ತದಂತೆ, ಸಣ್ಣ ಹಲ್ಲಿದ್ದರೇ ಕಚ್ಚುವುದಂತೆ. ಇಷ್ಟೆಲ್ಲ ಕಲ್ಲು ಕೊಂಡ ನನಗೆ ಅದು ಗೊತ್ತಿರಲಿಲ್ಲ.