ನಾವು ತಿನ್ನುವುದಿಲ್ಲ, ನಮಗೇನು?



2015ರ ಮಾರ್ಚ್ ತಿಂಗಳ ಒಂದು ರಾತ್ರಿ. ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದ ಸುದ್ದಿಯನ್ನು ಊಟದ ಹೊತ್ತಿಗೆ ಮನೆಯವರಿಗೆ ಓದಿ ಹೇಳಿದೆ. ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ಬಂಗುಡೆ ಸಾರಿನಲ್ಲಿ ಅನ್ನ ಕಲಸುತ್ತ, "ಅಪ್ಪಾ, ನಾವು ದನದ ಮಾಂಸ ತಿನ್ನುವುದಿಲ್ಲವಲ್ಲ, ನಮಗೇನು?" ಎಂದಳು. ಆ ದಿನ ಉತ್ತರ ಹೊಳೆಯಲಿಲ್ಲ. ನಿಮ್ಮಲ್ಲಿಯೂ ಹಲವರು ಇದೇ ಪ್ರಶ್ನೆ ಕೇಳಿದ್ದೀರಿ. ತಡವಾದರೂ ಉತ್ತರಿಸಲು ಯತ್ನಿಸುತ್ತೇನೆ.

ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆಗಾಗಿ ಮುಂಬಯಿಯ ಉಪನಗರವೊಂದಕ್ಕೆ ಹೋಗಿದ್ದೆ. ಬಾಡಿಗೆ, ಡಿಪಾಸಿಟ್ಟಿನ ಮಾತೆಲ್ಲ ಮುಗಿದಿತ್ತು. ಕೊನೆಯಲ್ಲಿ ಮನೆಯ ಯಜಮಾನರು, "ಮೀನು ಮಾಂಸ ತಿನ್ನುತ್ತೀರಾ?" ಎಂದು ಕೇಳಿದರು. ಹೌದೆಂದೆ. ಮನೆ ಸಿಗಲಿಲ್ಲ. ಅವರು ಕೆಟ್ಟವರಲ್ಲ, ಚಹಾ ಕೊಟ್ಟೇ ಕಳುಹಿಸಿದರು. ಆದರೆ ಮೆಟ್ಟಿಲಿಳಿಯುವಾಗ ಆದ ಅವಮಾನವನ್ನು ಇಂದಿಗೂ ಮರೆತಿಲ್ಲ. ನನ್ನ ನೌಕರಿ, ನಡತೆ ಯಾವುದೂ ಲೆಕ್ಕಕ್ಕೆ ಬಂದಿರಲಿಲ್ಲ. ಒಬ್ಬರು ಇಲ್ಲವೆಂದರೆ ಇನ್ನೊಬ್ಬರ ಬಾಗಿಲು ತಟ್ಟಬಹುದು. ಸರಕಾರವೇ ಅಡುಗೆಮನೆಯ ವಿಚಾರಣೆಗೆ ನಿಂತರೆ ಎಲ್ಲಿಗೆ ಹೋಗುವುದು?

ಮಹಾರಾಷ್ಟ್ರದಲ್ಲಿ ಗೋಹತ್ಯೆಗೆ 1976ರ ಕಾನೂನಿನಿಂದಲೇ ನಿಷೇಧವಿತ್ತು. ಅದನ್ನು ಎತ್ತು, ಹೋರಿಗಳಿಗೂ ವಿಸ್ತರಿಸುವ 1995ರ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 2015ರಲ್ಲಿ. ವಧೆಗೆ 5 ವರ್ಷಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ. ಕೋಣ, ಎಮ್ಮೆಗಳು ಇದರಲ್ಲಿ ಸೇರಿರಲಿಲ್ಲ. ಆದರೆ ಬೇರೆ ರಾಜ್ಯದಲ್ಲಿ ಕಾನೂನಿನಂತೆ ಕಡಿದ ದನದ ಮಾಂಸವನ್ನು ತಂದು ಮನೆಯಲ್ಲಿಟ್ಟುಕೊಂಡರೂ ಅಪರಾಧವೆಂದಾಯಿತು. ನನ್ನ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಬುತ್ತಿ ಬಿಚ್ಚಿದ ಕ್ರೈಸ್ತ ಸಹೋದ್ಯೋಗಿಯ ನೆನಪು ಆಗ ಬಂತು. ಅವನ ಡಬ್ಬಿಯಲ್ಲಿ ಏನಿದೆಯೆಂದು ನಾನೆಂದೂ ಕೇಳಿರಲಿಲ್ಲ. ನನ್ನ ಒಣಮೀನಿನ ವಾಸನೆಗೆ ಅವನೆಂದೂ ಮೂಗು ಮುಚ್ಚಿರಲಿಲ್ಲ.

2016ರ ಮೇ ತಿಂಗಳಲ್ಲಿ ಮುಂಬಯಿ ಹೈಕೋರ್ಟು ವಧೆಯ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಹೊರರಾಜ್ಯದ ಮಾಂಸ ಇಟ್ಟುಕೊಂಡವರನ್ನು ಶಿಕ್ಷಿಸುವ ಕಲಮನ್ನು ತಳ್ಳಿಹಾಕಿತು. ಅದು ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧವೆಂದಿತು. ಸರಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮರುವರ್ಷ, 2017ರ ಆಗಸ್ಟಿನಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಬೇರೊಂದು ವಿಷಯಕ್ಕಾಗಿ ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಚೆಲಮೇಶ್ವರ್ ಅವರು, ಏನು ತಿನ್ನಬೇಕೆಂದು ಸರಕಾರದಿಂದ ಹೇಳಿಸಿಕೊಳ್ಳಲು ಯಾರೂ ಇಷ್ಟಪಡಲಾರರೆಂಬ ಅರ್ಥದ ಮಾತನ್ನೂ ಬರೆದಿದ್ದಾರೆ.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಸು, ಕರು ಹಾಗೂ ಇತರ ಹಾಲು ಕೊಡುವ, ಉಳುವ ದನಗಳ ವಧೆಯನ್ನು ತಡೆಯಲು ಸರಕಾರ ಪ್ರಯತ್ನಿಸಬೇಕೆಂದು ಸಂವಿಧಾನದ 48ನೇ ವಿಧಿ ಹೇಳುತ್ತದೆ. ಕೆಲಸಕ್ಕೆ ಬಾರದ ಎತ್ತುಗಳ ವಧೆಯನ್ನೂ ಪೂರ್ತಿ ನಿಷೇಧಿಸುವುದು ಸರಿಯಲ್ಲವೆಂದು 1958ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2005ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಅಂಥ ನಿಷೇಧವನ್ನು ಒಪ್ಪಿತು. ಕರ್ನಾಟಕವೂ 2020ರಲ್ಲಿ 1964ರ ಕಾನೂನಿನ ಬದಲು ಹೆಚ್ಚು ಬಿಗಿಯಾದ ಕಾನೂನು ತಂದಿತು. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗಷ್ಟೇ ವಿನಾಯಿತಿ ಉಳಿಯಿತು.

ನಮ್ಮ ಮನೆಯ ಗುಟ್ಟೊಂದನ್ನು ಹೇಳುತ್ತೇನೆ. ಊರಲ್ಲಿ ದೀಪಾವಳಿಗೆ ಅಮ್ಮ ದನಗಳ ಮೈ ತೊಳೆದು, ಹೂಮಾಲೆ ಹಾಕಿ, ಆರತಿ ಎತ್ತುತ್ತಿದ್ದಳು. ಒಂದು ವರ್ಷ ಮುದಿ ಎತ್ತು ಗದ್ದೆಯಲ್ಲೇ ಕುಸಿಯಿತು. ಮರುವಾರ ದನದ ವ್ಯಾಪಾರಿ ಬಂದ. ಹಗ್ಗ ಬಿಚ್ಚಿ ಕೊಡುವಾಗ ಅಪ್ಪ ಮಾತಾಡಲಿಲ್ಲ. ಅಮ್ಮ ಒಳಗಿನಿಂದ ಹೊರಗೆ ಬರಲಿಲ್ಲ. ಆ ಹಣಕ್ಕೆ ಇನ್ನಷ್ಟು ಸಾಲ ಸೇರಿಸಿ ಹೊಸ ಎತ್ತು ತಂದೆವು. ಹಳೆಯದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಅಮ್ಮನ ಭಕ್ತಿ ಸುಳ್ಳಾಗಿರಲಿಲ್ಲ. ಮನೆಯ ಬಡತನವೂ ಸುಳ್ಳಾಗಿರಲಿಲ್ಲ. ನಾವು ಕೈತೊಳೆದುಕೊಂಡ ಕೆಲಸವನ್ನು ಇನ್ಯಾರೋ ಮಾಡಿದರು. ಅವರನ್ನು ಮಾತ್ರ ಅಪರಾಧಿಗಳೆನ್ನಲು ನನಗೆ ನಾಲಗೆ ಏಳುವುದಿಲ್ಲ.

ನಾನು ಇಂದಿಗೂ ದನದ ಮಾಂಸ ತಿನ್ನುವುದಿಲ್ಲ, ಮುಂದೆಯೂ ತಿನ್ನಲಾರೆ. ಅದು ನನ್ನ ಮನೆಯ ಸಂಸ್ಕಾರ. ಆದರೆ ಬಹುಮತದವರ ಸಂಸ್ಕಾರವನ್ನು ಪೊಲೀಸರ ಕೈಗೆ ಕೊಟ್ಟು ಉಳಿದವರಿಂದ ಪಾಲನೆ ಮಾಡಿಸುವುದು ಪ್ರಜಾಪ್ರಭುತ್ವವೆಂದು ನನಗನಿಸುವುದಿಲ್ಲ. ನಾವು ಈ ಊರಿಗೆ ಹೊರಗಿನಿಂದ ಬಂದು, ಭಾಷೆಯಲ್ಲಿಯೂ ಊಟದಲ್ಲಿಯೂ ಅಲ್ಪಸಂಖ್ಯಾತರಾಗಿ ಬದುಕಿದವರು. ನಮ್ಮ ಮೀನಿನ ಸಾರಿಗೆ ಜಾಗ ಕೇಳಿದವರು ಇನ್ನೊಬ್ಬರ ತಟ್ಟೆಯ ವಿಷಯದಲ್ಲಿ "ನಮಗೇನು?" ಎನ್ನುವುದು ಹೇಗೆ? ಮಗಳಿಗೆ ಅಂದು ಹೇಳಲಾಗದ ಮಾತು ಇದು.

ನಿಮ್ಮಲ್ಲಿ ಕೆಲವರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ. ಹಾಗಿದ್ದರೆ ಇದೇ ಪುಟಗಳಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆಯುವುದು ಕಷ್ಟವೆನಿಸಿದರೆ ಭಾನುವಾರ ಸಂಘಕ್ಕೆ ಬಂದು ಹೇಳಿ, ನಾನೇ ಬರೆದುಕೊಳ್ಳುತ್ತೇನೆ.